ಅವನು ಹಾಗೆ ಮಾಡುವವನಲ್ಲ

ಸೂಪರ್‌ಹೀರೋ ಕಾಮಿಕ್ಸ್‌ನ ಅಭಿಮಾನಿಗಳು ಸೇರಿದ ಕಡೆ ಕಥೆಯ ಮಾತು ಬೇಗ ಮುಗಿಯುತ್ತದೆ. ಈ ತಿಂಗಳ ಸಂಚಿಕೆಯಲ್ಲಿ ಯಾರು ಯಾರನ್ನು ಹೊಡೆದರು, ಯಾರು ಸತ್ತರು, ಸತ್ತವರಲ್ಲಿ ಯಾರು ತಿರುಗಿ ಬಂದರು ಎಂಬುದಕ್ಕೆ ಸ್ವಲ್ಪ ಹೊತ್ತು ಸಾಕು. ಆಮೇಲೆ ಗಂಟೆಗಟ್ಟಲೆ ನಡೆಯುವುದು ಪಾತ್ರದ ಮಾತು. ಸ್ಪೈಡರ್‌ಮ್ಯಾನ್ ಆದ ಪೀಟರ್ ಪಾರ್ಕರ್ ಪಿಶಾಚಿಯೊಡನೆ ಒಪ್ಪಂದಕ್ಕೆ ತಲೆಯಾಡಿಸುವನೇ? ಬ್ಯಾಟ್‌ಮನ್ ಒಬ್ಬ ಹುಡುಗನನ್ನು ಅಷ್ಟು ಸುಲಭವಾಗಿ ಮರೆಯಬಲ್ಲನೇ? ವಂಡರ್ ವುಮನ್ ಡಯಾನಾಳ ಕೈಯಲ್ಲಿ ಕತ್ತಿ ಇದ್ದರೆ ಸರಿಯೋ, ಪಾಶವಿದ್ದರೆ ಸರಿಯೋ? ಇಂಥ ಮಾತುಗಳನ್ನು ಕೇಳುತ್ತ, ಆಡುತ್ತ ಬಂದ ನನ್ನಂಥವರಿಗೆ ಈಗ ಹಿಂದಿರುಗಿ ನೋಡಿದರೆ ಎಷ್ಟೋ ಕಥೆಗಳು ಮಸುಕಾಗಿವೆ. ಎಲ್ಲ ಜಗಳಗಳ ಬುಡದಲ್ಲಿದ್ದ ಒಂದು ವಾಕ್ಯ ಮಾತ್ರ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದೆ: 'ಅವನು ಹಾಗೆ ಮಾಡುವವನಲ್ಲ.' ಇಲ್ಲದ ಮನುಷ್ಯನೊಬ್ಬನ ಪರವಾಗಿ, ಅವನ ಕಥೆ ಬರೆದವನ ಎದುರೇ ಹೀಗೆ ವಕಾಲತ್ತು ವಹಿಸುವುದು ಹೊರಗಿನವರಿಗೆ ಹುಡುಗಾಟದಂತೆ ಕಾಣುತ್ತದೆ. ನನಗೆ ಹಾಗೆ ಕಂಡಿಲ್ಲ. ಈ ಪಾತ್ರಗಳು ದಶಕಗಳನ್ನು ದಾಟಿಯೂ ವ್ಯಕ್ತಿಗಳಾಗಿ ಉಳಿದಿದ್ದರೆ ಅದಕ್ಕೆ ಕಾರಣ ಬಹುಮಟ್ಟಿಗೆ ಈ ವಾಕ್ಯ, ಮತ್ತು ಅದನ್ನು ಹೇಳಿದವರು ಜೊತೆಗೆ ಕೊಟ್ಟ ಕಾರಣಗಳು ಎಂಬುದು ನನ್ನ ವಾದ.

ಕಾದಂಬರಿಯ ಪಾತ್ರಕ್ಕೆ ಇಂಥ ಕಾವಲು ಬೇಕಾಗುವುದಿಲ್ಲ. ಕಾರಂತರು ಬರೆದ ಚೋಮ ಏನು ಮಾಡಿದನೋ ಅಷ್ಟೇ ಚೋಮ. ಮುಂದಿನ ತಿಂಗಳು ಬೇರೊಬ್ಬ ಲೇಖಕ ಬಂದು ಅವನಿಗೆ ಜಮೀನು ಕೊಡಿಸುವಂತಿಲ್ಲ. ಸೂಪರ್‌ಹೀರೋನ ಕಥೆ ಹಾಗಲ್ಲ. 1938ರಲ್ಲಿ ಕ್ಲೀವ್‌ಲ್ಯಾಂಡಿನ ಇಬ್ಬರು ತರುಣರು, ಜೆರಿ ಸೀಗಲ್ ಮತ್ತು ಜೋ ಶುಸ್ಟರ್, ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಪ್ರಕಾಶಕರಿಗೆ ಬರೆದುಕೊಟ್ಟರು. ಅಲ್ಲಿಂದ ಅವನು ಕಂಪನಿಯ ಸ್ವತ್ತು. ಅವನನ್ನು ಬರೆದವರು, ಚಿತ್ರಿಸಿದವರು, ತಿದ್ದಿದ ಸಂಪಾದಕರು ನೂರಾರು ಮಂದಿ. ಒಬ್ಬ ಲೇಖಕ ಎರಡು ವರ್ಷ ಬರೆದು ಹೋಗುತ್ತಾನೆ. ಮುಂದೆ ಬಂದವನು ಹಿಂದಿನವನ ಕಥೆ ಕನಸಾಗಿತ್ತು ಎನ್ನಬಹುದು, ಬೇರೊಂದು ಲೋಕದ್ದು ಎನ್ನಬಹುದು, ಅದರ ಸುದ್ದಿಯನ್ನೇ ಎತ್ತದಿರಬಹುದು. ನಮ್ಮಲ್ಲಿ ಪಂಪನ ಕರ್ಣನೂ ಕುಮಾರವ್ಯಾಸನ ಕರ್ಣನೂ ಬೇರೆ ಬೇರೆಯಾಗಿದ್ದೂ ಇಬ್ಬರೂ ಕರ್ಣರೇ ಆಗಿರುವುದು ಹೇಗೆಂದು ಯೋಚಿಸಿದರೆ ಇದು ಅರ್ಥವಾಗುತ್ತದೆ. ತಾಳಮದ್ದಲೆಯ ಅರ್ಥಧಾರಿ ಹೊಸ ಮಾತನ್ನೇ ಆಡುತ್ತಾನೆ, ಆದರೆ ಎದುರಿಗೆ ಕೂತವರು ಅದು ಕರ್ಣ ಆಡಬಹುದಾದ ಮಾತೇ ಅಲ್ಲವೇ ಎಂದು ತೂಗಿ ನೋಡುತ್ತಿರುತ್ತಾರೆ. ತೂಗುವವರು ಎದ್ದುಹೋದರೆ ಕರ್ಣನ ಬಾಯಲ್ಲಿ ಯಾರು ಏನನ್ನಾದರೂ ಆಡಿಸಬಹುದು. ಅಮೆರಿಕದ ಕಾಮಿಕ್ಸ್‌ನಲ್ಲಿ ಆ ತಕ್ಕಡಿ ಹಿಡಿದವರು ಓದುಗರು. ಲೇಖಕರು ಬಂದು ಹೋಗುತ್ತಾರೆ, ಕಂಪನಿಯೇ ಕೈಬದಲಾಗುತ್ತದೆ. ಪಾತ್ರದ ಜೊತೆ ಮೊದಲಿನಿಂದ ಕೊನೆಯವರೆಗೆ ಇದ್ದವನು ಹಳೆಯ ಓದುಗನೊಬ್ಬನೇ.

ಓದುಗ ಮತ್ತು ಲೇಖಕರ ನಡುವಿನ ಗೆರೆ ಈ ಲೋಕದಲ್ಲಿ ಮೊದಲಿಂದಲೂ ತೆಳು. ಸೀಗಲ್ ಮತ್ತು ಶುಸ್ಟರ್ ವೈಜ್ಞಾನಿಕ ಕಥೆಗಳ ಅಭಿಮಾನಿಗಳಾಗಿ ತಾವೇ ಒಂದು ಪುಟ್ಟ ಪತ್ರಿಕೆ ಹೊರಡಿಸುತ್ತಿದ್ದರು. ಸೂಪರ್‌ಮ್ಯಾನ್ ಎಂಬ ಹೆಸರು ಮೊದಲು ಕಾಣಿಸಿಕೊಂಡದ್ದು 1933ರಲ್ಲಿ ಅದೇ ಪತ್ರಿಕೆಯ ಒಂದು ಕಥೆಯಲ್ಲಿ, ಅದೂ ಖಳನ ಹೆಸರಾಗಿ. 1956ರಲ್ಲಿ ಹೊಸ ಫ್ಲ್ಯಾಶ್‌ನನ್ನು ತಂದು ಸೂಪರ್‌ಹೀರೋ ಕಥೆಗಳಿಗೆ ಮರುಜೀವ ಕೊಟ್ಟ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಕೂಡ ಹುಡುಗನಾಗಿದ್ದಾಗ ಅಂಥ ಪತ್ರಿಕೆ ನಡೆಸಿದವನು. 1960ರ ದಶಕದ ಆರಂಭದಲ್ಲಿ ಆತ ಓದುಗರ ಪತ್ರಗಳ ಜೊತೆ ಅವರ ಪೂರ್ತಿ ವಿಳಾಸವನ್ನೂ ಅಚ್ಚುಹಾಕಿಸತೊಡಗಿದ. ಸಣ್ಣ ನಿರ್ಧಾರ, ಆದರೆ ಪರಿಣಾಮ ದೊಡ್ಡದು. ಸಂಪಾದಕನಿಗೆ ಬರೆಯುತ್ತಿದ್ದವರು ಒಬ್ಬರಿಗೊಬ್ಬರು ಬರೆದುಕೊಳ್ಳತೊಡಗಿದರು. ಊರೂರಲ್ಲಿ ಒಂಟಿಯಾಗಿ ಓದುತ್ತಿದ್ದವರು ಒಂದು ಬಳಗವಾದರು. ಡೆಟ್ರಾಯಿಟ್‌ನ ವಿಶ್ವವಿದ್ಯಾಲಯವೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಜೆರಿ ಬೇಲ್ಸ್, ಮಿಸೌರಿಯ ರಾಯ್ ಥಾಮಸ್ ಜೊತೆ ಸೇರಿ 1961ರಲ್ಲಿ 'ಆಲ್ಟರ್ ಈಗೊ' ಎಂಬ ಅಭಿಮಾನಿಗಳ ಪತ್ರಿಕೆ ಹೊರಡಿಸಿದ. ಅದೇ ರಾಯ್ ಥಾಮಸ್ ಮುಂದೆ ಮಾರ್ವೆಲ್ ಸೇರಿ, 1972ರಲ್ಲಿ ಸ್ಟ್ಯಾನ್ ಲೀ ನಂತರ ಅಲ್ಲಿನ ಪ್ರಧಾನ ಸಂಪಾದಕನಾದ. ಜಿಮ್ ಶೂಟರ್ ಬರೆದ ಕಥೆ 1966ರಲ್ಲಿ ಪ್ರಕಟವಾದಾಗ ಅವನಿಗೆ ಹದಿನಾಲ್ಕು ವರ್ಷ. ಇವರೆಲ್ಲ ಮೊದಲು ವಾದ ಮಾಡಿ, ಆಮೇಲೆ ಬರೆಯಲು ಕೂತವರು. ಪಾತ್ರವನ್ನು ಕಾಯುವ ಅಭ್ಯಾಸ ಅವರಿಗೆ ಬಂದದ್ದು ಓದುಗರಾಗಿದ್ದಾಗ.

ಭಾರತದಲ್ಲಿ ಓದಿದವರ ಪಾಲಿಗೆ ಮಾತಿಗೆ ಇನ್ನೊಂದು ಕೆಲಸವೂ ಇತ್ತು. ಅಮೆರಿಕದ ಕಾಮಿಕ್ಸ್ ನಮ್ಮಲ್ಲಿಗೆ ಕ್ರಮವಾಗಿ ಬಂದದ್ದು ಕಡಿಮೆ. ಹಳೆ ಪುಸ್ತಕದಂಗಡಿಯ ರಾಶಿಯಲ್ಲಿ ನಾಲ್ಕು ಭಾಗಗಳ ಕಥೆಯ ಮೂರನೆಯದು ಸಿಗುತ್ತಿತ್ತು. ಮೊದಲೆರಡು ಯಾರ ಮನೆಯಲ್ಲೋ, ಕೊನೆಯದು ಊರಿಗೇ ಬಂದಿರುತ್ತಿರಲಿಲ್ಲ. 1990ರ ದಶಕದ ಕೊನೆಯಲ್ಲಿ ಗೋಥಮ್ ಕಾಮಿಕ್ಸ್ ಸಂಸ್ಥೆ ಮಾರ್ವೆಲ್ ಮತ್ತು ಡಿಸಿ ಕಥೆಗಳನ್ನು ಇಲ್ಲಿಯೇ ಅಚ್ಚು ಹಾಕಿ ಕೈಗೆಟುಕುವ ಬೆಲೆಗೆ ಕೊಡುವವರೆಗೂ ಬಹುಪಾಲು ಓದುಗರ ಸ್ಥಿತಿ ಇದೇ. ಹೀಗಾಗಿ ಕಥೆಯ ಕಾಣೆಯಾದ ಭಾಗಗಳು ಮಾತಿನಲ್ಲೇ ತುಂಬಿಕೊಳ್ಳಬೇಕಿತ್ತು. ಹಿಂದೆ ಏನಾಗಿರಬಹುದು, ಮುಂದೆ ಏನಾದೀತು ಎಂದು ಊಹಿಸುವುದಕ್ಕೆ ಪಾತ್ರದ ಸ್ವಭಾವವೊಂದೇ ಆಧಾರ. ಅವನು ಎಂಥವನು ಎಂಬುದು ಗೊತ್ತಿದ್ದರೆ ಓದದ ಸಂಚಿಕೆಯಲ್ಲಿ ಅವನು ಏನು ಮಾಡಿರುತ್ತಾನೆ ಎಂದು ಹೇಳಬಹುದು, ಮತ್ತು ವರ್ಷಗಳ ಮೇಲೆ ಆ ಸಂಚಿಕೆ ಸಿಕ್ಕಾಗ ಊಹೆ ನಿಜವಾಗಿರುತ್ತಿದ್ದುದೇ ಹೆಚ್ಚು. ಪೂರ್ತಿ ಕಥೆ ಕೈಯಲ್ಲಿದ್ದ ಓದುಗರಿಗಿಂತ ನಮ್ಮ ಓದು ಪಾತ್ರಕ್ಕೆ ಹೆಚ್ಚು ಅಂಟಿಕೊಂಡದ್ದು ಈ ಕೊರತೆಯಿಂದಲೇ ಎಂದು ನನಗೆ ಈಗ ಅನಿಸುತ್ತದೆ. 2004ರಲ್ಲಿ ಅದೇ ಗೋಥಮ್ ಸಂಸ್ಥೆ ಪವಿತ್ರ ಪ್ರಭಾಕರನೆಂಬ ಮುಂಬೈ ಹುಡುಗನನ್ನು ಸ್ಪೈಡರ್‌ಮ್ಯಾನ್ ಮಾಡಿದಾಗ ನಮ್ಮ ನಡುವೆ ಎದ್ದ ಪ್ರಶ್ನೆಯೂ ಇದೇ ಬಗೆಯದು: ಧೋತಿ ಉಟ್ಟರೆ ಸಾಕೇ, ತಪ್ಪಿತಸ್ಥ ಭಾವ ಅವನಲ್ಲಿ ಇದೆಯೇ? ಚಿಕ್ಕಪ್ಪನ ಸಾವಿಗೆ ತಾನೇ ಹೊಣೆ ಎಂಬ ಆ ಭಾರ ಇಲ್ಲದಿದ್ದರೆ ಅವನು ಗೋಡೆ ಹತ್ತುವ ಇನ್ನೊಬ್ಬ ಹುಡುಗ ಅಷ್ಟೇ.

ಅಭಿಮಾನಿಗಳ ಕೈಗೆ ಪಾತ್ರವನ್ನು ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಎಲ್ಲರೂ ಎತ್ತಿ ಹೇಳುವ ಉದಾಹರಣೆ 1988ರದು. ಬ್ಯಾಟ್‌ಮನ್‌ನ ಸಹಚರ, ಎರಡನೆಯ ರಾಬಿನ್ ಆಗಿದ್ದ ಜೇಸನ್ ಟಾಡ್ ಓದುಗರಿಗೆ ಹಿಡಿಸಿರಲಿಲ್ಲ. 1983ರಲ್ಲಿ ಬಂದಾಗ ಅವನು ಮೊದಲ ರಾಬಿನ್‌ನ ಪಡಿಯಚ್ಚು, ಅವನಂತೆಯೇ ಸರ್ಕಸ್ ದಂಪತಿಯ ಮಗ. ನಾಲ್ಕು ವರ್ಷಗಳ ಮೇಲೆ ಅವನ ಜನ್ಮಕಥೆಯನ್ನೇ ಬದಲಿಸಿ, ಬ್ಯಾಟ್‌ಮನ್‌ನ ಕಾರಿನ ಚಕ್ರ ಕದಿಯಲು ಬಂದ ಬೀದಿಹುಡುಗನನ್ನಾಗಿ ಮಾಡಿದರು. ಸಿಟ್ಟು, ಹಟ, ಅವಿಧೇಯತೆ ಅವನ ಗುಣಗಳಾದವು. ಜೋಕರ್ ಇಟ್ಟ ಬಾಂಬಿನಲ್ಲಿ ಅವನು ಸಾಯಬೇಕೋ ಬದುಕಬೇಕೋ ಎಂಬುದನ್ನು ಡಿಸಿ ಸಂಸ್ಥೆ ಓದುಗರ ದೂರವಾಣಿ ಮತಕ್ಕೆ ಬಿಟ್ಟಿತು. ಎರಡು ಸಂಖ್ಯೆಗಳು, ಕರೆಗೆ ಐವತ್ತು ಸೆಂಟ್. ಸಾಯಲಿ ಎಂದವರ ಕರೆಗಳು 5,343, ಬದುಕಲಿ ಎಂದವರದು 5,271. ಎಪ್ಪತ್ತೆರಡು ಕರೆಗಳ ಅಂತರದಲ್ಲಿ ಹುಡುಗ ಸತ್ತ. ಅಭಿಮಾನಿಗಳ ಕ್ರೌರ್ಯಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಇಂದಿಗೂ ಕೇಳುತ್ತಾರೆ. ನನಗೆ ಈ ಪ್ರಸಂಗ ಹೇಳುವುದೇ ಬೇರೆ. ಅಂದು ಅಭಿಮಾನಿಗಳ ಮಾತನ್ನು ಯಾರೂ ಕೇಳಲಿಲ್ಲ. ಅವರ ಕರೆಗಳನ್ನು ಎಣಿಸಿದರು. ದೂರವಾಣಿಯ ಆ ತುದಿಯಲ್ಲಿ ಏಕೆ ಎಂದು ಕೇಳುವವರಿರಲಿಲ್ಲ. ಒಬ್ಬನೇ ಹಲವು ಸಲ ಕರೆ ಮಾಡಲು ಅಡ್ಡಿಯಿರಲಿಲ್ಲ. 'ಅವನು ಹಾಗೆ ಮಾಡುವವನಲ್ಲ' ಎಂಬ ವಾಕ್ಯಕ್ಕೆ ಅಲ್ಲಿ ಜಾಗವೇ ಇರಲಿಲ್ಲ, ಏಕೆಂದರೆ ಆ ವಾಕ್ಯ ಹೇಳಿದವನು ಮುಂದೆ 'ಏಕೆಂದರೆ' ಎಂದು ಸೇರಿಸಬೇಕಾಗುತ್ತದೆ. ಹಳೆಯ ಸಂಚಿಕೆ ತೆಗೆದು ತೋರಿಸಬೇಕು, ಎದುರಿನವನು ಇನ್ನೊಂದು ಸಂಚಿಕೆ ತೋರಿಸಿದರೆ ಉತ್ತರಿಸಬೇಕು. ಮತ ಹಾಕುವವನಿಗೆ ಆ ಹೊಣೆ ಇಲ್ಲ. ಒಂದಷ್ಟು ಕಾಲ ಮಾತಾಡಲು ಬಿಟ್ಟಿದ್ದರೆ ಜೇಸನ್‌ನನ್ನು ದ್ವೇಷಿಸಿದವರಿಗೂ ಒಂದು ಸಂಗತಿ ಹೊಳೆಯುತ್ತಿತ್ತು: ಅವರ ಅಸಮಾಧಾನ ಹುಡುಗನ ಮೇಲಿನದಲ್ಲ, ಅವನನ್ನು ಎರಡು ಸಲ ಬೇರೆ ಬೇರೆಯಾಗಿ ಕಟ್ಟಿದ ರೀತಿಯ ಮೇಲಿನದು.

ಆ ಮತದ ನಂತರ ಬಂದ ಕಥೆಯನ್ನು ಜನ ಅಷ್ಟಾಗಿ ನೆನೆಯುವುದಿಲ್ಲ, ಆದರೆ ನನ್ನ ವಾದಕ್ಕೆ ಅದೇ ಮುಖ್ಯ. 1989ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಸ್ ಟಿಮ್ ಡ್ರೇಕ್ ಎಂಬ ಹೊಸ ಹುಡುಗನನ್ನು ತಂದರು. ಅವನು ಅನಾಥನಲ್ಲ, ಬ್ಯಾಟ್‌ಮನ್ ಕರೆತಂದವನೂ ಅಲ್ಲ. ಎಳೆಯ ವಯಸ್ಸಿನಲ್ಲಿ ಸರ್ಕಸ್ಸಿನಲ್ಲಿ, ಮುಂದೆ ಮೊದಲ ರಾಬಿನ್ ಆದ ಡಿಕ್ ಗ್ರೇಸನ್ ಗಾಳಿಯಲ್ಲಿ ಲಾಗ ಹಾಕಿದ್ದನ್ನು ನೋಡಿದ್ದ; ಮುಂದೊಂದು ದಿನ ಸುದ್ದಿಚಿತ್ರದಲ್ಲಿ ರಾಬಿನ್ ಅದೇ ಲಾಗ ಹಾಕಿದ್ದನ್ನು ಕಂಡು ಇಬ್ಬರೂ ಒಬ್ಬನೇ ಎಂದು ಗುರುತಿಸಿದ; ಅಲ್ಲಿಂದ ಬ್ಯಾಟ್‌ಮನ್ ಯಾರೆಂದೂ ತಿಳಿದುಕೊಂಡ. ಜೇಸನ್ ಸತ್ತ ಮೇಲೆ ಬ್ಯಾಟ್‌ಮನ್ ದಿನೇ ದಿನೇ ಕಠೋರನಾಗುತ್ತಿದ್ದಾನೆ, ಹೆಚ್ಚು ಹೊಡೆಯುತ್ತಿದ್ದಾನೆ ಎಂಬುದನ್ನು ಗಮನಿಸಿ, ನಿಮಗೊಬ್ಬ ರಾಬಿನ್ ಬೇಕು ಎಂದು ವಾದ ಮಾಡಲು ಬರುತ್ತಾನೆ. ಬರೆದವರ ಉದ್ದೇಶ ಏನಿದ್ದರೂ ಈ ಹುಡುಗ ಒಬ್ಬ ಓದುಗ. ಹಿಂದಿನದೆಲ್ಲ ನೆನಪಿಟ್ಟುಕೊಂಡು, ಈಗಿನದನ್ನು ಅದರೊಂದಿಗೆ ಹೋಲಿಸಿ, ಇದು ನೀನಲ್ಲ ಎಂದು ನಾಯಕನ ಎದುರು ನಿಂತು ಹೇಳುವ ಓದುಗ. ಕರೆಗಳ ಎಣಿಕೆಯಿಂದ ಆದ ಗಾಯಕ್ಕೆ ಮದ್ದು ಸಿಕ್ಕಿದ್ದು ನೋಡುವ ಮತ್ತು ಕಾರಣ ಕೊಡುವ ಹುಡುಗನಿಂದ. ಜೇಸನ್ ಕೂಡ 2005ರಲ್ಲಿ ತಿರುಗಿ ಬಂದ, ಸಿಟ್ಟುಗೊಂಡ ದೊಡ್ಡ ಮನುಷ್ಯನಾಗಿ. ನನ್ನನ್ನು ಕೊಂದವನನ್ನು ನೀನೇಕೆ ಬಿಟ್ಟೆ ಎಂಬುದು ಬ್ಯಾಟ್‌ಮನ್‌ಗೆ ಅವನ ಪ್ರಶ್ನೆ. ಹಿಂದೆ ಅವನನ್ನು ಕಂಡರಾಗದಿದ್ದ ಓದುಗರ ಬಳಗದಲ್ಲೇ ಇಂದು ಅವನನ್ನು ಅತಿಯಾಗಿ ಮೆಚ್ಚುವವರಿದ್ದಾರೆ.

ಓದುಗರ ವಾದ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇನ್ನೊಂದು ಎಳೆಯನ್ನು ಹಿಡಿದು ನೋಡಬೇಕು. 1973ರಲ್ಲಿ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಗ್ರೀನ್ ಗಾಬ್ಲಿನ್ ಸೇತುವೆಯಿಂದ ಕೆಳಗೆ ತಳ್ಳಿದ. ಪೀಟರ್ ಬಲೆ ಎಸೆದು ಹಿಡಿದ; ಹಿಡಿದ ಆ ಎಳೆತಕ್ಕೇ ಅವಳ ಕುತ್ತಿಗೆ ಮುರಿದಂತೆ ಚಿತ್ರದಲ್ಲಿ ಒಂದು ಸಣ್ಣ ಸದ್ದು ಬರೆದಿತ್ತು. ಅವಳನ್ನು ಕೊಂದವರು ಯಾರು? ಓದುಗರು ಸುಮ್ಮನಿರಲಿಲ್ಲ, ಪತ್ರಗಳ ಪುಟದಲ್ಲಿ ಸಂಪಾದಕರೇ ಉತ್ತರ ಕೊಡಬೇಕಾಯಿತು. ಆದರೆ ಅಂದಿನ ಶೋಕವೆಲ್ಲ ಪೀಟರನದು. ಗ್ವೆನ್‌ಗೆ ಏನು ಬೇಕಿತ್ತು, ಅವಳ ಬದುಕು ಏನಾಗಿತ್ತು ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆಯನ್ನು ಇಡೀ ಪ್ರಕಾರದ ಮುಂದಿಟ್ಟವರು ಗೇಲ್ ಸಿಮೋನ್. 1999ರಲ್ಲಿ, ಇನ್ನೂ ಬರೀ ಓದುಗರಾಗಿದ್ದಾಗ, ನಾಯಕನಿಗೆ ದುಃಖ ಕೊಡಲೆಂದೇ ಕೊಲ್ಲಲ್ಪಟ್ಟ, ಅಂಗಹೀನರಾದ, ಶಕ್ತಿ ಕಳೆದುಕೊಂಡ ಹೆಣ್ಣುಪಾತ್ರಗಳ ಒಂದು ಪಟ್ಟಿ ಮಾಡಿದರು. ಅದಕ್ಕೆ ಹೆಸರು ಕೊಟ್ಟದ್ದು 1994ರ ಗ್ರೀನ್ ಲ್ಯಾಂಟರ್ನ್ ಸಂಚಿಕೆ. ಅದರಲ್ಲಿ ನಾಯಕನ ಗೆಳತಿಯನ್ನು ಕೊಂದು ಫ್ರಿಜ್ಜಿನಲ್ಲಿ ತುರುಕಿಟ್ಟಿದ್ದರು. ಪಟ್ಟಿಯನ್ನು ಲೇಖಕರಿಗೇ ಕಳಿಸಿ ನೀವೇನನ್ನುತ್ತೀರಿ ಎಂದು ಕೇಳಿದರು, ಹಲವರು ಉತ್ತರಿಸಿದರು. ಒಂದೊಂದು ಕಥೆಯನ್ನು ಬಿಡಿಯಾಗಿ ನೋಡಿದರೆ ಲೇಖಕನ ಬಳಿ ಸಮರ್ಥನೆ ಇರಬಹುದು; ಸಾಲಾಗಿ ಇಟ್ಟಾಗ ಸಮರ್ಥಿಸುವುದು ಕಷ್ಟ. ಹಾಗೆ ಸಾಲಾಗಿ ಇಡಲು ಬೇಕಾದ ನೆನಪು ಯಾವ ಒಬ್ಬ ಲೇಖಕನ ಬಳಿಯೂ ಇರಲಿಲ್ಲ, ಓದುಗಿಯೊಬ್ಬಳ ಬಳಿ ಇತ್ತು. ಕೆಲವೇ ವರ್ಷಗಳಲ್ಲಿ ಸಿಮೋನ್ ಸ್ವತಃ ಅದೇ ಪಾತ್ರಗಳ ಕಥೆ ಬರೆಯುವ ಹೆಸರಾಂತ ಲೇಖಕಿಯಾದರು. 2014ರಲ್ಲಿ ಜೇಸನ್ ಲಟೂರ್ ಮತ್ತು ರಾಬಿ ರೊಡ್ರಿಗೆಜ್ ಇನ್ನೊಂದು ಲೋಕದ ಗ್ವೆನ್‌ಗೇ ಜೇಡದ ಶಕ್ತಿ ಕೊಟ್ಟು ಒಂದು ಸಂಚಿಕೆ ಮಾಡಿದಾಗ ಓದುಗರು ಅವಳನ್ನು ಹಾಗೆ ಎತ್ತಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಮರುವರ್ಷವೇ ಅವಳಿಗೆ ಸ್ವಂತ ಸರಣಿ ಬಂತು.

ಕಮಲಾ ಖಾನ್‌ಳ ಕಥೆಯನ್ನು ಈ ಎಳೆಯಲ್ಲೇ ಓದಬೇಕು. ಜಿ. ವಿಲೋ ವಿಲ್ಸನ್ ಬರೆದು ಏಡ್ರಿಯನ್ ಅಲ್ಫೋನಾ ಚಿತ್ರಿಸಿದ ಮಿಸ್ ಮಾರ್ವೆಲ್ ಸರಣಿ 2014ರಲ್ಲಿ ಶುರುವಾಯಿತು. ಸಂಪಾದಕಿ ಸನಾ ಅಮಾನತ್. ಜರ್ಸಿ ಸಿಟಿಯಲ್ಲಿ ಬೆಳೆದ, ಪಾಕಿಸ್ತಾನಿ ಮೂಲದ ಮನೆಯ ಹುಡುಗಿ ಕಮಲಾ ಸೂಪರ್‌ಹೀರೋಗಳ ಪರಮ ಅಭಿಮಾನಿ. ರಾತ್ರಿ ಕೂತು ತಾನೇ ಅವರ ಬಗ್ಗೆ ಕಥೆ ಬರೆಯುತ್ತಾಳೆ. ಶಕ್ತಿ ಸಿಕ್ಕಾಗ ಮೊದಲು ಅವಳು ತಾನು ಮೆಚ್ಚಿದ ನಾಯಕಿಯಂತೆಯೇ ಹೊಂಬಣ್ಣದ ಕೂದಲಿನವಳಾಗುತ್ತಾಳೆ, ಆಮೇಲೆ ತನ್ನ ಮುಖದಲ್ಲೇ ಆ ಕೆಲಸ ಮಾಡಬಹುದೆಂದು ಕಂಡುಕೊಳ್ಳುತ್ತಾಳೆ. ಅಮ್ಮ, ಅಬ್ಬು, ಮದುವೆಮನೆ, ಮಸೀದಿ ಎಲ್ಲ ಇರುವ ಆ ಮನೆಯನ್ನು ದಕ್ಷಿಣ ಏಷ್ಯಾದ ಓದುಗರು ಎಲ್ಲಿದ್ದರೂ ತಮ್ಮದೆಂದು ಗುರುತಿಸಿದರು. ಇಂಥ ಹುಡುಗಿ 2023ರಲ್ಲಿ ಸತ್ತದ್ದು ತನ್ನ ಕಥೆಯಲ್ಲಲ್ಲ, ಸ್ಪೈಡರ್‌ಮ್ಯಾನ್‌ನ ಸರಣಿಯ ಒಂದು ಸಂಚಿಕೆಯಲ್ಲಿ, ಮೇರಿ ಜೇನ್‌ಳ ರೂಪ ತಾಳಿ, ಪೀಟರ್ ಪ್ರೀತಿಸಿದ ಅವಳನ್ನು ಉಳಿಸಲು ಹೋಗಿ. ಕೆಲವೇ ವಾರಗಳಲ್ಲಿ ಅವಳನ್ನು ಎಕ್ಸ್-ಮೆನ್ ಬಳಗಕ್ಕೆ ಸೇರಿಸಲು ತಿರುಗಿ ಎಬ್ಬಿಸಿದರು. ಓದುಗರ ಆಕ್ಷೇಪ ಸಾವಿನ ಬಗ್ಗೆ ಆಗಿರಲಿಲ್ಲ. ಸೂಪರ್‌ಹೀರೋ ಕಥೆ ಓದುವವರು ಸಾವಿಗೆ ಒಗ್ಗಿದವರು. ಬೇರೊಬ್ಬನ ಮನೆಯಂಗಳದಲ್ಲಿ, ಬೇರೊಬ್ಬಳ ಮುಖ ಹೊತ್ತು, ಇನ್ನೊಬ್ಬನ ದುಃಖಕ್ಕೆ ಕಾರಣವಾಗಿ ಅವಳೇಕೆ ಸಾಯಬೇಕು ಎಂಬುದು ಅವರ ಮಾತು. ತನ್ನ ಮುಖದಲ್ಲೇ ನಿಲ್ಲಲು ಕಲಿತದ್ದೇ ಅವಳ ಕಥೆಯಾಗಿತ್ತಲ್ಲ! ಐವತ್ತು ವರ್ಷದ ಹಿಂದಿನ ಗ್ವೆನ್, 1999ರ ಪಟ್ಟಿ, ಎಲ್ಲವೂ ಆ ಒಂದು ಆಕ್ಷೇಪದ ಹಿಂದೆ ಇದ್ದವು. ಅಷ್ಟು ನಿಖರವಾದ ವಿಮರ್ಶೆ ಪಂಡಿತರಿಂದ ಬಂದಿದ್ದರೆ ನಾವು ಅದನ್ನು ಅಭಿಮಾನವೆಂದು ತಳ್ಳಿಹಾಕುತ್ತಿರಲಿಲ್ಲ.

ಇಷ್ಟಾದರೂ ಅಭಿಮಾನಿಗಳು ಒಂದೇ ದನಿಯಲ್ಲಿ ಮಾತಾಡುತ್ತಾರೆಂದು ನಾನು ಹೇಳುತ್ತಿಲ್ಲ. ಬಾರ್ಬರಾ ಗಾರ್ಡನ್ ವಿಷಯದಲ್ಲಿ ಎರಡು ಬಣಗಳ ಜಗಳ ಇನ್ನೂ ತೀರಿಲ್ಲ, ತೀರಬೇಕಾಗಿಯೂ ಇಲ್ಲ. 1967ರಲ್ಲಿ ಬ್ಯಾಟ್‌ಗರ್ಲ್ ಆಗಿ ಬಂದ ಅವಳನ್ನು 1988ರ 'ದಿ ಕಿಲ್ಲಿಂಗ್ ಜೋಕ್'ನಲ್ಲಿ ಜೋಕರ್ ಗುಂಡಿಟ್ಟು ಸೊಂಟದ ಕೆಳಗೆ ಸ್ವಾಧೀನವಿಲ್ಲದಂತೆ ಮಾಡಿದ. ಕಥೆ ಅವಳನ್ನು ಅಲ್ಲಿಗೇ ಬಿಟ್ಟಿತು. ಜಾನ್ ಆಸ್ಟ್ರಾಂಡರ್ ಮತ್ತು ಕಿಮ್ ಯೇಲ್ ದಂಪತಿ ಬಿಡಲಿಲ್ಲ. ಮರುವರ್ಷ ಅವಳನ್ನು ಗಾಲಿಕುರ್ಚಿಯಲ್ಲಿ ಕೂತೇ ಕಂಪ್ಯೂಟರುಗಳ ಮೂಲಕ ಎಲ್ಲ ವೀರರಿಗೂ ಮಾಹಿತಿ ಒದಗಿಸುವ ಆರಕಲ್ ಆಗಿ ತಂದರು. ಅಂಗವಿಕಲ ಓದುಗರಿಗೆ ಅವಳು ಎಷ್ಟು ದೊಡ್ಡ ಆಸರೆಯಾದಳೆಂಬುದು 2011ರಲ್ಲಿ ಗೊತ್ತಾಯಿತು. ಡಿಸಿ ತನ್ನ ಎಲ್ಲ ಸರಣಿಗಳನ್ನು ಹೊಸದಾಗಿ ಆರಂಭಿಸುವಾಗ ಬಾರ್ಬರಾಳ ಕಾಲು ವಾಸಿಮಾಡಿ ಮತ್ತೆ ಬ್ಯಾಟ್‌ಗರ್ಲ್ ಮಾಡಿತು. ಬೆನ್ನುಮೂಳೆ ಮುರಿಸಿಕೊಂಡ ಬ್ಯಾಟ್‌ಮನ್ ನಡೆದಾಡುವಾಗ ಅವಳೊಬ್ಬಳೇ ಕುರ್ಚಿಯಲ್ಲಿ ಏಕಿರಬೇಕು ಎಂದು ಕೇಳುತ್ತಿದ್ದವರಿಗೆ ಇದು ನ್ಯಾಯ. ನಮ್ಮಂಥವಳು ಒಬ್ಬಳಿದ್ದಳು, ಅವಳನ್ನೂ ಕಿತ್ತುಕೊಂಡಿರಿ ಎಂದವರದೂ ನ್ಯಾಯವೇ. ಹಿಂದಿನ ದಿನಗಳಲ್ಲಿ ನಾನು ಮೊದಲ ಬಣದ ಕಡೆ ವಾಲುತ್ತಿದ್ದೆ. ಈಗ ಎರಡನೆಯ ಬಣದ ಮಾತು ಹೆಚ್ಚು ತೂಕದ್ದೆಂದು ತೋರುತ್ತದೆ. ಬ್ಯಾಟ್‌ಗರ್ಲ್ ಆಗಲು ಬೇರೆ ಹುಡುಗಿಯರಿದ್ದರು, ಆರಕಲ್ ಆಗಲು ಬೇರೆ ಯಾರೂ ಇರಲಿಲ್ಲ.

ಅಭಿಮಾನಿಗಳಿಗೆ ಬೇಕಿರುವುದು ಹಳೆಯದೇ, ಹೊಸದು ಬಂದರೆ ಕೂಗಾಡುತ್ತಾರೆ ಎಂಬ ಆಕ್ಷೇಪವನ್ನು ಲೇಖಕರೂ ಮಾಡುತ್ತಾರೆ, ಪತ್ರಕರ್ತರೂ ಮಾಡುತ್ತಾರೆ. ಅದರಲ್ಲಿ ಒಂದಷ್ಟು ನಿಜವಿದೆ. ಎಳವೆಯಲ್ಲಿ ಓದಿದ ಕಥೆಯೇ ಅಸಲು ಎಂದು ಹಟ ಹಿಡಿಯುವವರು ಎಲ್ಲ ಬಳಗದಲ್ಲೂ ಇದ್ದಾರೆ. ಆದರೆ ಇತ್ತೀಚಿನ ಕಾಮಿಕ್ಸ್ ಬಗ್ಗೆ ನಡೆಯುತ್ತಿರುವ ಚರ್ಚೆಯನ್ನು ಗಮನಿಸಿದರೆ ಈ ಆಕ್ಷೇಪ ಬಹಳ ದೂರ ಹೋಗುವುದಿಲ್ಲ. 2024ರ ಅಕ್ಟೋಬರಿನಲ್ಲಿ ಸ್ಕಾಟ್ ಸ್ನೈಡರ್ ಮತ್ತು ನಿಕ್ ಡ್ರಗೋಟಾ ಆರಂಭಿಸಿದ 'ಆಬ್ಸಲ್ಯೂಟ್ ಬ್ಯಾಟ್‌ಮನ್'ನಲ್ಲಿ ಬ್ರೂಸ್ ವೇಯ್ನ್ ಶ್ರೀಮಂತನಲ್ಲ. ಅರಮನೆಯಿಲ್ಲ, ಮನೆಯಾಳೂ ಇಲ್ಲ. ಹಿಂದೆ ಮನೆಯಾಳಾಗಿದ್ದ ಆಲ್ಫ್ರೆಡ್ ಇಲ್ಲಿ ಬೇಹುಗಾರನಾಗಿ ಬರುತ್ತಾನೆ. ಅಪ್ಪ ಶಾಲೆಯ ಮೇಷ್ಟ್ರು, ಅಮ್ಮ ಮಾರ್ಥಾ ಬದುಕಿದ್ದಾಳೆ, ಬ್ರೂಸ್ ಓದಿ ಎಂಜಿನಿಯರ್ ಆದವನು. ಎಂಬತ್ತೈದು ವರ್ಷದ ಸಾಮಾನು ಸರಂಜಾಮನ್ನು ಹೀಗೆ ಹೊರಗೆಸೆದ ಈ ಪುಸ್ತಕ ಆ ವರ್ಷ ಅತಿ ಹೆಚ್ಚು ಮಾರಾಟವಾದ ಸಂಚಿಕೆಗಳ ಸಾಲಿನಲ್ಲಿತ್ತು. ಕೆಲ್ಲಿ ಥಾಂಪ್ಸನ್ ಮತ್ತು ಹೇಡನ್ ಶರ್ಮನ್ ಅವರ 'ಆಬ್ಸಲ್ಯೂಟ್ ವಂಡರ್ ವುಮನ್'ನಲ್ಲಿ ಡಯಾನಾ ಅಮೆಜಾನರ ದ್ವೀಪವನ್ನೇ ಕಂಡಿಲ್ಲ. ನರಕದಲ್ಲಿ ಸರ್ಸಿ ಎಂಬ ಮಾಟಗಾತಿಯ ಮಡಿಲಲ್ಲಿ ಬೆಳೆದವಳು. ಆದರೂ ಅವಳು ಡಯಾನಾ ಎಂಬುದರಲ್ಲಿ ಹಳೆಯ ಓದುಗರಿಗೆ ಅನುಮಾನ ಬರಲಿಲ್ಲ, ಏಕೆಂದರೆ ನರಕದಲ್ಲೂ ಅವಳ ಕರುಣೆ ಬತ್ತಿಲ್ಲ. ಅಲ್ಲಿಗೆ ಬಂದು ಬಿದ್ದ ಅಪರಿಚಿತನೊಬ್ಬನನ್ನು ಭೂಮಿಗೆ ಮರಳಿ ಕಳಿಸಲು ತನ್ನ ತೋಳನ್ನೇ ಕೊಡುತ್ತಾಳೆ. ಜೋನಾಥನ್ ಹಿಕ್ಮನ್ ಮತ್ತು ಮಾರ್ಕೊ ಕೆಕೆಟ್ಟೊ ಅವರ 2024ರ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್'ನಲ್ಲಿ ಪೀಟರ್ ಇಬ್ಬರು ಮಕ್ಕಳ ತಂದೆ, ಮೇರಿ ಜೇನ್‌ಳ ಗಂಡ. ಜೇಡ ಕಚ್ಚುವುದೇ ನಡುವಯಸ್ಸು ಹತ್ತಿರವಾದಾಗ. ಇದಕ್ಕಿಂತ ದೊಡ್ಡ ಬದಲಾವಣೆ ಬೇಕೇ? ಮೊದಲ ಸಂಚಿಕೆಯನ್ನು ಮತ್ತೆ ಮತ್ತೆ ಅಚ್ಚು ಹಾಕಬೇಕಾಯಿತು. 2007ರಲ್ಲಿ ಪೀಟರ್ ತನ್ನ ದಾಂಪತ್ಯವನ್ನೇ ಮೆಫಿಸ್ಟೊ ಎಂಬ ಪಿಶಾಚಿಗೆ ಒಪ್ಪಿಸಿ ಚಿಕ್ಕಮ್ಮನ ಜೀವ ಉಳಿಸಿಕೊಂಡಾಗ ಸಿಟ್ಟಾದವರೂ ಇದೇ ಓದುಗರು. ಅಂದು ಅವರು ಬೇಡವೆಂದದ್ದು ಬದಲಾವಣೆಯನ್ನಲ್ಲ. ಹೊಣೆ ಹೊರುವುದನ್ನೇ ಬದುಕು ಮಾಡಿಕೊಂಡ ಮನುಷ್ಯ ಹೊಣೆಯಿಂದ ಹೀಗೆ ಕಳಚಿಕೊಳ್ಳುವವನಲ್ಲ ಎಂದಷ್ಟೇ ಅವರು ಹೇಳಿದ್ದು.

ಇದಕ್ಕಿಂತ ಗಂಭೀರವಾದದ್ದು ಎರಡನೆಯ ಆಕ್ಷೇಪ: ಅಭಿಮಾನಿಗಳು ಬೆದರಿಸುತ್ತಾರೆ, ಬೈಯುತ್ತಾರೆ ಎಂಬುದು. 2016ರಲ್ಲಿ ನಿಕ್ ಸ್ಪೆನ್ಸರ್ ಬರೆದ ಕಥೆಯೊಂದರ ಮೊದಲ ಸಂಚಿಕೆಯಲ್ಲಿ ಕ್ಯಾಪ್ಟನ್ ಅಮೆರಿಕ ತಾನು ಹೈಡ್ರಾ ಎಂಬ ಫ್ಯಾಸಿಸ್ಟ್ ಕೂಟದವನೆಂದು ಘೋಷಿಸಿದ. ಲೇಖಕನಿಗೆ ಕೊಲೆಬೆದರಿಕೆಗಳು ಬಂದವು. ಹೊಸ ಬಣ್ಣದ, ಹೊಸ ಲಿಂಗದ ನಾಯಕರನ್ನು ಬರೆದ ಎಷ್ಟೋ ಲೇಖಕಿಯರು, ಚಿತ್ರಕಾರ್ತಿಯರು ಅಭಿಮಾನಿಗಳೆನಿಸಿಕೊಂಡವರಿಂದ ಹೊಲಸು ಬೈಗುಳ ಉಂಡಿದ್ದಾರೆ. ಇದಕ್ಕೆ ಸಮರ್ಥನೆ ಇಲ್ಲ, ನಾನು ಕೊಡುವುದೂ ಇಲ್ಲ. ಆದರೆ ಅದೇ ಕ್ಯಾಪ್ಟನ್ ಅಮೆರಿಕ ಕಥೆಗೆ ಬಂದ ಇನ್ನೊಂದು ಬಗೆಯ ಪ್ರತಿಕ್ರಿಯೆಯನ್ನೂ ಕೇಳಬೇಕು. ಈ ನಾಯಕನನ್ನು ಕಟ್ಟಿದ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಇಬ್ಬರೂ ಯೆಹೂದಿ ಮನೆತನದವರು. ಅಮೆರಿಕ ಯುದ್ಧಕ್ಕೆ ಇಳಿಯುವ ಮೊದಲೇ, 1941ರ ಮಾರ್ಚ್ ಸಂಚಿಕೆಯ ಮುಖಪುಟದಲ್ಲಿ, ಅವನು ಹಿಟ್ಲರನ ದವಡೆಗೆ ಗುದ್ದುವುದನ್ನು ಚಿತ್ರಿಸಿದವರು. ಆ ಚರಿತ್ರೆಯನ್ನು ಮುಂದಿಟ್ಟು, ಕೊನೆಗೆ ಇದು ಸುಳ್ಳು ನೆನಪೆಂದು ಹೊರಬಿದ್ದರೂ ಕೆಲವು ಮಾತನ್ನು ಕೆಲವರ ಬಾಯಲ್ಲಿ ಆಟಕ್ಕೂ ಇಡಬಾರದು ಎಂದು ಯೆಹೂದಿ ಓದುಗರು ಬರೆದರು. ಬೆದರಿಸಿದವನಿಗೂ ಹೀಗೆ ಬರೆದವರಿಗೂ ಅಭಿಮಾನಿ ಎಂಬ ಒಂದೇ ಹೆಸರು ಅಂಟಿಸುವುದರಿಂದ ಬೆದರಿಸಿದವನಿಗೆ ಗೌರವ ಸಿಗುತ್ತದೆ, ಬರೆದವರಿಗೆ ಅವಮಾನವಾಗುತ್ತದೆ. ಬೈಯುವವನು ಪಾತ್ರದ ಮಾತನ್ನೇ ಆಡುತ್ತಿಲ್ಲ. ಅವನ ಮಾತಿನಲ್ಲಿ ಹಳೆಯ ಸಂಚಿಕೆಯ ಉಲ್ಲೇಖವಿರುವುದಿಲ್ಲ, ಸ್ವಭಾವದ ವಿವರವಿರುವುದಿಲ್ಲ, ಎದುರಾಳಿಗೆ ಉತ್ತರವಿರುವುದಿಲ್ಲ. ಆ ದೂರವಾಣಿ ಮತದಲ್ಲಿದ್ದಂತೆ ಅಲ್ಲಿಯೂ ಕಾಣೆಯಾಗಿರುವುದು ಕಾರಣ.

ಇದೆಲ್ಲ ಕೊನೆಗೆ ಕಂಪನಿಯ ಲಾಭಕ್ಕೆ ತಾನೇ, ಜಗಳ ಹೆಚ್ಚಿದಷ್ಟೂ ಸಂಚಿಕೆ ಮಾರಾಟವಾಗುತ್ತದೆ ತಾನೇ ಎಂದು ಕೇಳುವವರಿಗೆ ಬಿಲ್ ಫಿಂಗರ್ ಕಥೆಯನ್ನು ಹೇಳಬೇಕು. 1939ರಲ್ಲಿ ಬ್ಯಾಟ್‌ಮನ್ ಹುಟ್ಟಿದಾಗ ಬಾಬ್ ಕೇನ್ ತನ್ನೊಬ್ಬನ ಹೆಸರು ಹಾಕಿಸಿಕೊಂಡ. ಮೊದಲ ಕಥೆ ಬರೆದವನು, ಮುಖವಾಡ ಮತ್ತು ಮೇಲುಹೊದಿಕೆಯ ರೂಪ ಸೂಚಿಸಿದವನು, ಬ್ರೂಸ್ ವೇಯ್ನ್ ಎಂಬ ಹೆಸರು ಕೊಟ್ಟವನು ಫಿಂಗರ್. ಅವನ ಹೆಸರು ಎಲ್ಲಿಯೂ ಇರಲಿಲ್ಲ. 1965ರಲ್ಲಿ ಜೆರಿ ಬೇಲ್ಸ್ ಅವನನ್ನು ಭೇಟಿಯಾಗಿ, ಈ ಕೆಲಸದಲ್ಲಿ ಫಿಂಗರ್ ಪಾಲೆಷ್ಟು ಎಂದು ಲೇಖನ ಬರೆದು ಅಭಿಮಾನಿಗಳ ನಡುವೆ ಹಂಚಿದ. ಕೇನ್ ಕೆರಳಿ ಅಭಿಮಾನಿಗಳ ಪತ್ರಿಕೆಯೊಂದಕ್ಕೇ ದೀರ್ಘ ಪತ್ರ ಬರೆದು ಅದನ್ನು ಅಲ್ಲಗಳೆದ. ಫಿಂಗರ್ 1974ರಲ್ಲಿ ತೀರಿಕೊಂಡ. ಕಂಪನಿಗೆ ಈ ವಿಚಾರ ಎತ್ತುವುದರಿಂದ ಬರುವ ಲಾಭ ಏನೂ ಇರಲಿಲ್ಲ, ಒಪ್ಪಂದದ ತೊಡಕು ಮಾತ್ರ ಇತ್ತು. ಓದುಗರು ಆ ಮಾತನ್ನು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಬಂದರು. ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಮಕ್ಕಳ ಪುಸ್ತಕಗಳ ಲೇಖಕ ವರ್ಷಗಟ್ಟಲೆ ಹುಡುಕಿ ಫಿಂಗರ್‌ನ ಮೊಮ್ಮಗಳನ್ನು ಪತ್ತೆಹಚ್ಚಿದ, 2012ರಲ್ಲಿ ಪುಸ್ತಕ ತಂದ. ಬೇಲ್ಸ್ ಬರೆದು ಐವತ್ತು ವರ್ಷವಾದಾಗ, 2015ರ ಸೆಪ್ಟೆಂಬರಿನಲ್ಲಿ, ಫಿಂಗರ್ ಹೆಸರನ್ನು ಸೇರಿಸಲು ಡಿಸಿ ಒಪ್ಪಿತು. ಅಂದಿನಿಂದ ಬ್ಯಾಟ್‌ಮನ್ ಕಥೆಗಳಲ್ಲಿ ಬಾಬ್ ಕೇನ್ ಜೊತೆಗೆ ಬಿಲ್ ಫಿಂಗರ್ ಹೆಸರೂ ಅಚ್ಚಾಗುತ್ತಿದೆ.